ಡೂಪ್ಲಿಕೇಟ್ ಕಾರ್ಬ್ಯುರೇಟರಿಗೆ ಹಚ್ಚಿದ ಕುಂಕುಮ

ಹುಬ್ಬಳ್ಳಿ,
ಅಕ್ಟೋಬರ್ 34, 2187

ಮಹಾಂತೇಶ ಮುತ್ಯಾ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲಕ್ಕೆ ವರ್ಷಕ್ಕೆ ಹತ್ತೇ ತಿಂಗಳು ಉಳಿದಿವೆ, ಒಂದೊಂದೂ ಉದ್ದವಾಗಿದೆ. ನನ್ನ ಮಾತಿನ ಧಾಟಿ ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಪತ್ರದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ. ನಾನು ನೀಲಗಂಗಾ, ನಿಮ್ಮ ಅಣ್ಣ ಅಡಿವೆಪ್ಪನವರ ಮರಿಮಗಳ ಮೊಮ್ಮಗಳು. ಇದು ಹಿಂದೋಲೆ, ಅಂದರೆ ಕಳೆದ ಕಾಲಕ್ಕೆ ಕಳಿಸುವ ಪತ್ರ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಿಗುತ್ತದೆ. ಜನ ಅದನ್ನು ತೀರಿಕೊಂಡ ತಾಯಿಗೋ ಗಂಡನಿಗೋ ಬರೆಯುತ್ತಾರೆ. ನಾನು ನಿಮಗೆಂದೇ ಎತ್ತಿಟ್ಟಿದ್ದೆ, ನನ್ನ ಹೊಟ್ಟೆ ಅಷ್ಟು ಉರಿದಿದೆ.

ಇಲ್ಲಿ ನಾವು ಓಡಾಡುವುದು ತೇಲುಬಂಡಿಗಳಲ್ಲಿ, ಅವಕ್ಕೆ ಚಕ್ರವಿಲ್ಲ. ಹಳೆಯ ಕಾರೆಂದರೆ ಮನೆತನದ ಮರ್ಯಾದೆ. ಆಯುಧಪೂಜೆಯ ದಿನ ಓಣಿಯ ಹಿರಿಯರು ಕಾರಿನ ಒಂದೊಂದು ಭಾಗದ ಹೆಸರು ಕೂಗುತ್ತಾರೆ. ಅದು ಒರಿಜಿನಲ್ ಆಗಿದ್ದರೆ ಮನೆಯವರು ಮೇಲೆ ಕೈಯಿಟ್ಟು "ಐತಿ" ಎನ್ನಬೇಕು. ಇಲ್ಲದಿದ್ದರೆ ಸುಮ್ಮನೆ ನಿಲ್ಲಬೇಕು. ನಿಮ್ಮಪ್ಪನಿಂದ ನಿಮ್ಮಣ್ಣನಿಗೆ, ಅವರಿಂದ ನಮಗೆ ಬಂದ ಕಾರಿನ ಸರದಿ ಬಂತು. ಕಾರ್ಬ್ಯುರೇಟರ್ ಎಂದರು, ಸುಮ್ಮನಿದ್ದೆವು. ಹೆಡ್‌ಲೈಟ್ ಎಂದರು, ಸುಮ್ಮನಿದ್ದೆವು. ಹಾರ್ನ್ ಎಂದಾಗ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಮ್ಮವ್ವ ಮತ್ತೆಂದೂ ಆ ಪೂಜೆಗೆ ಹೋಗಲಿಲ್ಲ.

ನೀವು ನಿಮ್ಮ ಜೀಪಿನ ಟಾಪು ಕತ್ತರಿಸಿ, ದೊಡ್ಡ ಎಂಜಿನ್ ಕೂರಿಸಿ, ಊರೆಲ್ಲ ಮೆರೆದಿರಿ. ಅದಕ್ಕೆ ನನ್ನ ತಕರಾರಿಲ್ಲ. ಹಳೆಯದನ್ನು ಇದ್ದಂತೆ ಉಳಿಸಬೇಕೋ, ಬದಲಿಸಿ ಓಡಿಸಬೇಕೋ ಎಂಬ ಜಗಳ ನಮ್ಮಲ್ಲೂ ಮುಗಿದಿಲ್ಲ. "ಗಾಡಿ ಅಂದ್ರ ಓಡಬೇಕೋ ಯಣ್ಣಾ, ಜಗಲಿ ಮ್ಯಾಲೆ ಕೂಡ್ಸಾಕ ಅದೇನ್ ದೇವರೇನು?" ಎಂದು ನೀವು, "ಒಂದ್ ನಟ್ ಬದಲಾದ್ರೂ ಅದು ಅಪ್ಪನ ಗಾಡಿ ಅಲ್ಲೋ ತಮ್ಮಾ" ಎಂದು ನಿಮ್ಮಣ್ಣ. ವಾದ ಮಾಡಿ ಸೋತಿದ್ದರೂ ಗೆದ್ದಿದ್ದರೂ ನಿಮ್ಮನ್ನು ಮೆಚ್ಚುತ್ತಿದ್ದೆ. ನೀವು ಕದ್ದಿರಿ.

ಅಣ್ಣ ಕಣ್ಣಿನ ಆಪರೇಷನ್ನಿಗೆ ಹೋಗುವಾಗ ಕಾರಿನ ಕೀಲಿ ನಿಮ್ಮ ಕೈಗಿಟ್ಟರು. ಅವರು ಬರುವಷ್ಟರಲ್ಲಿ ಹದಿನಾಲ್ಕು ಭಾಗ ಬಿಚ್ಚಿ ಮಾರಿ, ಜೀಪಿನ ಶೋಕಿ ತೀರಿಸಿಕೊಂಡಿರಿ. ನೀವು ಆನ್‌ಲೈನಿನಲ್ಲಿ ಹಾಕಿದ ಜಾಹೀರಾತು ಇನ್ನೂ ಅಳಿದಿಲ್ಲ: "ನೂರಕ್ಕೆ ನೂರು ಒರಿಜಿನಲ್, ಒಂದೇ ಮನೆಯವರು ಬಳಸಿದ್ದು." ಆಹಾ! ಯಾರ ಮನೆ ಮುತ್ಯಾ? ಖಾಲಿಯಾದ ಕಡೆ ಡೂಪ್ಲಿಕೇಟ್ ಕೂರಿಸಿ, ಹಳೆಯದೆನಿಸಲೆಂದು ಮಸಿ ಬಳಿದಿರಿ. ನಮಗೆ ಬಂದ ಕತೆಯಲ್ಲಿ, ಆಪರೇಷನ್ ಆದರೂ ದೃಷ್ಟಿ ಮರಳದ ಅಡಿವೆಪ್ಪ ಮುತ್ಯಾ ಸಾಯುವಾಗಲೂ ನಿಮ್ಮ ಕೈ ಹಿಡಿದು "ಗಾಡಿ ಚಲೋ ನೋಡ್ಕೊಂಡಿ ತಮ್ಮಾ" ಎಂದರಂತೆ. ನೀವು ಹೂಂ ಎಂದಿರಂತೆ. ಥೂ!

ಮಾರಿದ್ದು ವಾಪಸ್ ಬರುವುದಿಲ್ಲ, ನನಗೆ ಗೊತ್ತು. ಆದರೆ ಆ "ಹೂಂ" ಮಾತ್ರ ನಿಮಗೆ ದಕ್ಕಲು ಬಿಡುವುದಿಲ್ಲ. ನಿಮ್ಮ ಕೈಗೆ ಕೊಟ್ಟರೆ ಹರಿದು ಒಲೆಗೆ ಹಾಕುತ್ತೀರೆಂದು ಈ ಪತ್ರವನ್ನು, ನಿಮ್ಮಣ್ಣ ಇನ್ನೂ ಬದುಕಿರುವ ಒಂದು ಆಯುಧಪೂಜೆಯ ದಿನಕ್ಕೆ, ನಿಮ್ಮ ಅತ್ತಿಗೆ ಗೌರವ್ವನವರಿಗೆ ಕಳಿಸಿದ್ದೇನೆ. ಗಂಡನಿಗೆ ದಿನವೂ ಪೇಪರ್ ಓದಿ ಹೇಳುವವರು ಅವರೇ ತಾನೆ? ಇವತ್ತು ಇದನ್ನು ಓದುತ್ತಿದ್ದಾರೆ, ಗಟ್ಟಿಯಾಗಿ, ನೀವು ಕಾರಿಗೆ ಕುಂಕುಮ ಹಚ್ಚುತ್ತಿರುವಾಗ.

ಅಡಿವೆಪ್ಪ ಮುತ್ಯಾ, ಎದ್ದೇಳಿ. ಬಾನೆಟ್ ಎತ್ತಿಸಿ, ಕಾರ್ಬ್ಯುರೇಟರಿನ ಅಡಿಯಲ್ಲಿ ಬೆರಳಾಡಿಸಿ. ನಿಮ್ಮಪ್ಪ ಉಳಿಯಿಂದ ಕೊರೆದ ಹೆಸರು ಅಲ್ಲಿಲ್ಲ.

ಮಹಾಂತೇಶ ಮುತ್ಯಾ, ದಾರಿ ಬಿಡಿ. ನಿಮ್ಮಣ್ಣ ಗೋಡೆ ಹಿಡಿದುಕೊಂಡು ಬರುತ್ತಿದ್ದಾರೆ.

ನೀಲಗಂಗಾ