ಹಿಂತಿರುಗಿ ನೋಡದ ಕೊಕ್ಕರೆಯ ಬಗ್ಗೆ ಕುಲಪತಿಗಳಿಗೆ

ಮಾನ್ಯ ಕುಲಪತಿಗಳೇ,

ನಿಮ್ಮ ವಿಶ್ವವಿದ್ಯಾಲಯದ ಡಿಜಿಟಲ್ ಕಲಾ ವಿಭಾಗದವರು ನಮ್ಮಪ್ಪನ ನಡಿಗೆಯನ್ನು ಅಳಿಸಿ ಹಾಕಿದ್ದಾರೆ. ಅದಕ್ಕೆ ಅವರು ಇಟ್ಟಿರುವ ಹೆಸರು ‘ಸರಿಪಡಿಸುವುದು’. ಈ ದೂರನ್ನು ಹೀಗೆ ಬೀದಿಗೆ ತರುವ ಆಸೆ ನನಗಿರಲಿಲ್ಲ. ನಿಮ್ಮ ಕಚೇರಿಗೆ ಸದ್ದಿಲ್ಲದೆ ಬರೆದಾಗ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಆಮೇಲೆ ಏನೂ ಬರಲಿಲ್ಲ. ಅಮೂಲ್ಯವಾದದ್ದನ್ನು ಯಾರೂ ಮುಟ್ಟುವುದಿಲ್ಲವೆಂದು ಆಗ ತಿಳಿಯಿತು.

ನಮ್ಮಪ್ಪ ಸಿನಿಮಾ ಮಂದಿರದಲ್ಲಿ ಟಾರ್ಚ್ ಹಿಡಿದು ಜನರನ್ನು ಅವರವರ ಸೀಟಿಗೆ ಕರೆದೊಯ್ಯುತ್ತಿದ್ದವರು. ಬೀದಿಗೆಲ್ಲ ಟಾರ್ಚಣ್ಣ. ಆಟ ಶುರುವಾದ ಮೇಲೆ ಬರುವವರಿಗೆ ಕತ್ತಲೂ ಹೊಸದು, ಮೆಟ್ಟಿಲೂ ಹೊಸದು. ಹಾಗಾಗಿ ಅಪ್ಪ ಮುಂದೆ ಹೋಗುತ್ತಲೇ ಅರ್ಧ ಹಿಂದಕ್ಕೆ ತಿರುಗಿ, ಟಾರ್ಚನ್ನು ಸೊಂಟದ ಹಿಂದೆ ಹಿಡಿದು, ಬೆಳಕನ್ನು ತಮ್ಮ ಕಾಲಿಗೆ ಬಿಟ್ಟುಕೊಳ್ಳದೆ ಬರುವವರ ಕಾಲಿಗೆ ಬಿಡುತ್ತಿದ್ದರು. ಕೆಲವು ಹೆಜ್ಜೆ, ಒಂದು ಓರೆನೋಟ, ಮತ್ತೆ ಹೆಜ್ಜೆ. ವರ್ಷಗಟ್ಟಲೆ ನಡೆದು ಆ ನಡಿಗೆ ಅವರ ಮೈಗೇ ಅಂಟಿತು. ಮಂದಿರ ಮುಚ್ಚಿದ ಮೇಲೂ ತರಕಾರಿ ತರಲು ಹಾಗೆಯೇ ಹೋಗುತ್ತಿದ್ದರು. “ರೀ, ನಂಗೆ ದಾರಿ ಕಾಣ್ಸುತ್ತೆ, ಮುಂದೆ ನೋಡ್ಕೊಂಡು ನಡೀರಿ, ಕಂಬಕ್ಕೆ ಹೊಡ್ಕೋತೀರ” ಎಂದು ಅಮ್ಮ ಬೈಯುತ್ತಿದ್ದಳು. ಬೈಯುತ್ತಲೇ ಅವರ ಹಿಂದೆ ನೆಮ್ಮದಿಯಿಂದ ನಡೆಯುತ್ತಿದ್ದಳು.

‘ಕಲೆ, ತಂತ್ರಜ್ಞಾನ ಎಲ್ಲರ ಸೊತ್ತು’ ಎಂದು ನೀವು ಗೇಟಿಗೆ ಬ್ಯಾನರ್ ಕಟ್ಟಿಸಿದಿರಿ. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ನಾನೂ ‘ಎಲ್ಲರ’ಲ್ಲಿ ಸೇರಿರಬಹುದೆಂದು ನಂಬಿ ವಾರಾಂತ್ಯದ ಕಾರ್ಯಾಗಾರಕ್ಕೆ ಬಂದೆ. ಮೈಯಲ್ಲಿ ಕಸುಬು ಕೂತಿರುವವರನ್ನು ಕರೆತನ್ನಿ ಎಂದರು ಕಲಿಸುವ ಮೇಡಂ. ಅಪ್ಪನನ್ನು ಕರೆತಂದೆ. ಮೈಯ ಚಲನೆಯನ್ನು ಕಂಪ್ಯೂಟರಿಗೆ ಇಳಿಸಲು ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿದ ಬಿಗಿಯಾದ ಕಪ್ಪು ಉಡುಪು, ಸುತ್ತಲೂ ಕ್ಯಾಮೆರಾ. “ಈ ವೇಷದಲ್ಲಿ ನಿಮ್ಮಮ್ಮ ನೋಡಿದ್ರೆ ಮನೆಗೆ ಸೇರ್ಸಲ್ಲ ಕಣೆ” ಎಂದು ನಾಚಿಕೊಂಡರು. ಕೈಗೆ ಟಾರ್ಚ್ ಕೊಟ್ಟದ್ದೇ ತಡ, ನಾಚಿಕೆ ಎಲ್ಲಿ ಹೋಯಿತೋ! ಕಂಪ್ಯೂಟರಿನಲ್ಲಿ ಆ ನಡಿಗೆಯನ್ನು ನಾನು ಬಿಡಿಸಿದ ಒಂದು ಕೊಕ್ಕರೆಗೆ ತೊಡಿಸಿದೆ. ನಿಮ್ಮವರಿಗೆ ಅದು ಎಷ್ಟು ಹಿಡಿಸಿತೆಂದರೆ, ಬಾಗಿಲಿನಿಂದ ಸಭಾಂಗಣದವರೆಗಿನ ಗೋಡೆಯುದ್ದದ ಪರದೆಯ ಮೇಲೆ ಅದನ್ನು ಬಿಟ್ಟರು. ಬಂದವರ ಮುಂದೆ ಕೊಕ್ಕರೆ ನಡೆಯುತ್ತಿತ್ತು, ಕತ್ತು ಹೊರಳಿಸಿ ಅವರ ಪಾದ ನೋಡುತ್ತಿತ್ತು, ಮತ್ತೆ ನಡೆಯುತ್ತಿತ್ತು. ಉದ್ಘಾಟನೆಯ ದಿನ ಅದರ ಹಿಂದೆ ಮೊದಲು ನಡೆದು ನಕ್ಕವರು ತಾವೇ.

ಆಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಎರಡೂ ಹೋದವು. ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಪ್ರತಿ ಭಾನುವಾರ ನಿಮ್ಮ ಹಜಾರಕ್ಕೆ ಕರೆತರುತ್ತಿದ್ದೆ. “ನೋಡೇ, ಹೋಗ್ತಾ ಇದೀನಿ” ಎಂದು ತೊದಲಿ ಕೊಕ್ಕರೆಯ ಕಡೆ ಗಲ್ಲ ಎತ್ತುತ್ತಿದ್ದರು. ವಾರಕ್ಕೊಮ್ಮೆ ನಮ್ಮಪ್ಪ ನಡೆಯುತ್ತಿದ್ದುದು ಅಲ್ಲಿ ಮಾತ್ರ. ನನಗೂ ಅಷ್ಟೇ ಸಾಕಾಗಿತ್ತು.

ಈಚೆಗೆ ಒಂದು ಭಾನುವಾರ ಹೋದರೆ, ಕೊಕ್ಕರೆ ಕವಾಯತಿಗೆ ನಿಂತ ಸಿಪಾಯಿಯ ಹಾಗೆ ನೆಟ್ಟಗೆ ಮುಂದೆ ನೋಡಿಕೊಂಡು ಹೊರಟಿದೆ. ಪ್ರಯೋಗಾಲಯದ ಸಹಾಯಕರನ್ನು ಕೇಳಿದೆ. “ಕ್ಲೀನ್ ಮಾಡಿದ್ವಿ ಮೇಡಂ. ಎಲ್ಲಾ ರೆಕಾರ್ಡಿಂಗ್‌ಗೂ ಹಾಗೇ ಮಾಡ್ತೀವಿ. ಕತ್ತು ಪದೇ ಪದೇ ಹಿಂದೆ ಹೋಗ್ತಿತ್ತಲ್ಲ, ಸಾಫ್ಟ್‌ವೇರು ದೋಷ ಅಂತ ತೋರಿಸ್ತು.”

“ದೋಷ ಅಲ್ಲಪ್ಪ, ಅದು ಅವ್ರ ಕೆಲ್ಸ.”

“ನಂಗೇನು ಗೊತ್ತು ಮೇಡಂ? ನಾವು ಬರೀ ನಡಿಗೆ ಅಂದ್ಕೊಂಡ್ವಿ.” ಪಾಪ, ಅವರ ಮುಖವೂ ಸಣ್ಣಗಾಯಿತು. ಹಳೆಯದು ಯಾವುದೋ ಡಿಸ್ಕಿನಲ್ಲಿ ಇರಬಹುದು, ಕಾರ್ಯಾಗಾರಕ್ಕೆ ಹೊಸ ತಂಡ ಬರುವ ಮುಂಚೆ ಹಳೆಯದನ್ನೆಲ್ಲ ಅಳಿಸುತ್ತೇವೆ, ಹುಡುಕಲು ಮೇಲಿನವರ ಅಪ್ಪಣೆ ಬೇಕು ಎಂದರು.

ಮೇಲಿನವರು ಎಂದರೆ ಯಾರು, ಮಾನ್ಯರೇ? ವಿಭಾಗದವರು ಕುಲಸಚಿವರ ಕಡೆ ಕೈ ತೋರಿಸಿದರು. ಅಲ್ಲಿಂದ ಕಾನೂನು ಶಾಖೆಗೆ ಹೋದೆ. ಕಾರ್ಯಾಗಾರದಲ್ಲಿ ತಯಾರಾದದ್ದೆಲ್ಲ ವಿಶ್ವವಿದ್ಯಾಲಯದ ಆಸ್ತಿ ಎಂದು ಅಲ್ಲಿನವರು ಬಹಳ ಮೃದುವಾಗಿ ತಿಳಿಸಿದರು. ನಂತರ ಕೇಳಿದರು, “ಅಲ್ಲಮ್ಮಾ, ಆ ನಡಿಗೆ ನಿಮ್ಮ ತಂದೇದೇ ಅನ್ನೋಕೆ ಏನಾದ್ರೂ ಪುರಾವೆ ಇದ್ಯಾ?” ಗಾಲಿಕುರ್ಚಿಯಲ್ಲಿ ಕೂತವರನ್ನು ಎದ್ದು ನಡೆದು ತೋರಿಸಿ ಎನ್ನಲೇ? ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂಬ ಮಾತು ಕೇಳಿದ್ದೆ. ನಿಮ್ಮವರು ಕೊಕ್ಕರೆಯನ್ನು ಸರಿ ಮಾಡಲು ಹೋಗಿ ನಮ್ಮಪ್ಪನನ್ನೇ ಇಲ್ಲವಾಗಿಸಿದ್ದಾರೆ. ಕೋಪ ಮಾಡಿಕೊಳ್ಳೋಣವೆಂದರೆ ಎದುರಿಗೆ ಯಾರೂ ಕೆಟ್ಟವರಿಲ್ಲ. ಎಲ್ಲರೂ ನೀರು ಕೊಟ್ಟು, ಕುರ್ಚಿ ಕೊಟ್ಟು, ಆಗುವುದಿಲ್ಲ ಎಂದು ಕಳಿಸುತ್ತಾರೆ. ನನಗೆ ಸಾಕಾಗಿದೆ.

ಆ ಭಾನುವಾರ ಅಪ್ಪ ಪರದೆಯನ್ನು ಬಹಳ ಹೊತ್ತು ನೋಡಿದರು. “ಹೊಸಬನ್ನ ಹಾಕ್ಕೊಂಡ್ರಾ?” ಎಂದರು.

“ಯಾಕಪ್ಪಾ?”

“ಹಿಂದೆ ನೋಡ್ತಾನೇ ಇಲ್ವಲ್ಲೇ. ಬರೋರು ಬೀಳ್ತಾರೆ ಅಂತ ಹೇಳು ಅವನಿಗೆ.”

ಅಂದಿನಿಂದ ಅವರು ಬರಲು ಒಪ್ಪುತ್ತಿಲ್ಲ. ಕೆಲಸದಿಂದ ತೆಗೆದ ಜಾಗಕ್ಕೆ ಯಾವ ಮುಖ ಇಟ್ಟುಕೊಂಡು ಹೋಗುವುದು ಎನ್ನುತ್ತಾರೆ.

ಆದ್ದರಿಂದ ನನ್ನ ಬೇಡಿಕೆ: ಹೊಸ ತಂಡ ಬರುವ ಮುಂಚೆ ಆ ಡಿಸ್ಕುಗಳನ್ನು ಹುಡುಕಿಸಿ, ನಡಿಗೆಯನ್ನು ಇದ್ದಂತೆಯೇ ಪರದೆಗೆ ಹಿಂದಿರುಗಿಸಿ. ಈಗಾಗಲೇ ಅಳಿಸಿದ್ದರೆ, ಅಳಿಸಿದ್ದೇವೆ ಎಂದಾದರೂ ಹೇಳಿ. ಹಾಗಾಗಿದ್ದಲ್ಲಿ ಆ ಗುಂಡುಗಳ ಉಡುಪನ್ನು ಒಮ್ಮೆ ನನಗೆ ಹಾಕಿಸಿ. ಚಿಕ್ಕಂದಿನಲ್ಲಿ ಆ ಬೆಳಕಿನ ಹಿಂದೆ ಎಷ್ಟೋ ಸಲ ನಡೆದಿದ್ದೇನೆ. ಅಪ್ಪನ ನಡಿಗೆ ನನಗೆ ಪೂರ್ತಿ ಬಾರದು, ಆದರೆ ಎಲ್ಲಿ ತಿರುಗಿ ನೋಡಬೇಕೆಂಬುದು ಗೊತ್ತಿದೆ.

ಇಂತಿ,
ನಿಮ್ಮ ಹಿಂದೆ ತಡವರಿಸಿಕೊಂಡು ಬರುತ್ತಿರುವವರಲ್ಲಿ ಒಬ್ಬಳು,
ಟಾರ್ಚಣ್ಣನ ಮಗಳು