ಕಿವಿ ಉಳವಪ್ಪನ ಎರಡು ಎಂಜಿನ್

ಖಾಸಬಾಗ, ಬೆಳಗಾವಿ
೧೪ ನವೆಂಬರ್ ೨೦೨೪, ಗುರುವಾರ

ಅವ್ವಾ,

ಶರಣು. ಮೊದಲ ಸಾಲಿನಲ್ಲಿ ಇಲ್ಲಿ ಎಲ್ಲರೂ ಆರಾಮ ಎಂದು ಬರೆಯಬೇಕು, ಬರೆದಿದ್ದೇನೆ. ಅಡುಗೆ ನನ್ನದು. ಆದ್ದರಿಂದ ಅದರಲ್ಲಿ ಎಷ್ಟು ಖರೆ, ಎಷ್ಟು ಸುಳ್ಳು ಎಂಬುದನ್ನು ನೀನೇ ತಿಳಿದುಕೊ.

ಇಷ್ಟು ಹತ್ತಿರದ ಖಾನಾಪುರಕ್ಕೆ ಪತ್ರ ಬರೆದಿದ್ದಾಳೆ ಎಂದು ನಗಬೇಡ. ಫೋನಿನಲ್ಲಿ ಹೇಳೋಣವೆಂದರೆ, ಕೈಗೆ ಪ್ಲಾಸ್ಟರ್ ಇದ್ದಾಗ ಶುರು ಮಾಡಿದ, ಫೋನಿನ ಸ್ಪೀಕರ್ ಹಚ್ಚಿ ಮಾತಾಡುವ ರೂಢಿಯನ್ನು ನೀನಿನ್ನೂ ಬಿಟ್ಟಿಲ್ಲ. ನಾನು ಹಲೋ ಎಂದರೆ ಆ ಕಡೆಯಿಂದ ಗೌರೀಶಮಾಮ ಕೆಮ್ಮುತ್ತಾನೆ, ಕಾಂತಾ ಅತ್ತೆ ಊಟ ಆಯಿತೇ ಎಂದು ಕೇಳುತ್ತಾಳೆ. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತು. ಅಪ್ಪನ ಅಂಗಡಿಯ ಬಸಯ್ಯ ಕಾಕಾ ನಾಳೆ ಖಾನಾಪುರದ ಇಟ್ಟಂಗಿ ಭಟ್ಟಿಗೆ ಪಂಪ್ ಕೂಡಿಸಲು ಬರುತ್ತಿದ್ದಾನೆ. ನಿನ್ನ ಕೈಗೇ ಕೊಡಬೇಕು ಎಂದು ಆಣೆ ಮಾಡಿಸಿಕೊಂಡಿದ್ದೇನೆ.

ಬರುವ ರವಿವಾರ ಗೌರೀಶಮಾಮ ಹಿರಿಯರನ್ನು ಕರೆದುಕೊಂಡು ಇಲ್ಲಿಗೆ ಬರುತ್ತಾನೆ, ನೀನು ಇನ್ನು ಮುಂದೆ ಖಾನಾಪುರದಲ್ಲೇ ಬೇರೆ ಇರುತ್ತೀ ಎಂಬುದನ್ನು ಅಪ್ಪನ ಮುಂದೆ ಮಾತಾಡಿ ಮುಗಿಸುತ್ತಾನೆ ಎಂದು ಗೊತ್ತಾಯಿತು. ಅದು ಬೇಡ ಎಂದು ಹೇಳಲು ನಾನು ಬರೆಯುತ್ತಿಲ್ಲ. ಆದರೆ ನಿನಗೆ ಗೊತ್ತಿಲ್ಲದ ಒಂದು ವಿಷಯ ಮಂಗಳವಾರ ನನಗೆ ಗೊತ್ತಾಗಿದೆ. ಅದನ್ನು ತಿಳಿದ ಮೇಲೂ ಬೇರೆ ಇರುತ್ತೇನೆ ಎಂದರೆ ನಿನ್ನ ಸೀರೆಗಳನ್ನು ನಾನೇ ಮಡಚಿ ತಂದುಕೊಡುತ್ತೇನೆ.

ಮನೆಯ ಸುದ್ದಿ ಹೆಚ್ಚಿಲ್ಲ. ನಿನ್ನ ತುಳಸಿ ಚೆನ್ನಾಗಿದೆ, ಕರಿಬೇವು ಒಣಗಿತು. ಪಡಸಾಲೆಯಲ್ಲಿ ತನ್ನ ಕುರ್ಚಿಯ ಎದುರಿನ ಗೋಡೆಗೆ ಅಪ್ಪ ಲಾರಿಯ ಹಿಂದಿನ ಕೆಂಪು ದೀಪವೊಂದನ್ನು ಜಡಿದಿದ್ದಾನೆ. ಧಾರವಾಡದ ಹಾಸ್ಟೆಲ್ ಬಿಟ್ಟು ನಾನು ಬರುವಷ್ಟರಲ್ಲೇ ಅದು ಅಲ್ಲಿತ್ತು. ಏನಿದು ಎಂದರೆ ಇನ್ವರ್ಟರ್‌ದು ಎಂದ. ನೋಡಲು ಚೆನ್ನಾಗಿಲ್ಲ. ನಾನು ಬೆಳಿಗ್ಗೆ ಅಪ್ಪನ ಎಂಜಿನ್ ರಿಪೇರಿ ಅಂಗಡಿಗೆ ಹೋಗಿ ಕೂಡುತ್ತೇನೆ. "ಎಂ.ಎ. ಓದಿದಾಕಿ ಸುಮ್ಮನ ಮನ್ಯಾಗ ಯಾಕ ಕುಂದರ್ತಿ, ಬಂದು ಫೋನ ಎತ್ತು. ನನ್ನ ಕೈಗೆ ಎಣ್ಣಿ ಆಗಿರ್ತೈತಿ" ಎಂದ ಅಪ್ಪ. ಕೈ ತೊಳೆದ ಮೇಲೂ ಅವನು ಫೋನ್ ಮುಟ್ಟುವುದಿಲ್ಲ ಎಂಬುದನ್ನು ಗಮನಿಸಿದ್ದೆ. ಕಾರಣ ಯೋಚಿಸಿರಲಿಲ್ಲ.

ಈಗ ಅಂಗಡಿಗೆ ಬಂದ ಒಂದು ಬೋಟಿನ ಕೆಲಸದ ಮಾತು. ಸದಾಶಿವನಗರದ ಸುಜಯ ಅವರು ಗೋವೆಯಲ್ಲಿ ಒಂದು ಹಳೆಯ ಮೋಟಾರ್ ಯಾಟ್ ಕೊಂಡಿದ್ದಾರೆ. ಒಳಗೆ ಮಲಗುವ ಕೋಣೆ, ಒಲೆ, ಸೋಫಾ ಎಲ್ಲ ಇರುವ ಬೋಟು. ಬಸಯ್ಯ ಕಾಕಾ ಅದನ್ನು ನೋಡಿ, "ಇದರಾಗ ಎಲ್ಲಾ ಐತಿ, ಎಂಜಿನ ಒಂದ ಇಲ್ಲ" ಎಂದ. ಎರಡು ಇದ್ದವು, ಆದರೆ ಎರಡೂ ಉಪ್ಪುನೀರು ತಿಂದು ಮುಗಿದಿದ್ದವು. ಗೋವೆಯಲ್ಲಿ ಫಿಟ್ಟರುಗಳಿಗೆ ಬರವಿಲ್ಲ. ಆದರೆ ತಮ್ಮ ಫೌಂಡ್ರಿಯ ಜನರೇಟರುಗಳನ್ನು ಅಪ್ಪ ಬರೀ ಕಿವಿಯಿಂದ ರಿಪೇರಿ ಮಾಡಿದ್ದನ್ನು ಸುಜಯ ಅವರು ಚಿಕ್ಕಂದಿನಿಂದ ನೋಡಿದವರು. "ಕಿವಿ ಉಳವಪ್ಪನ ಬಿಟ್ಟು ಬ್ಯಾರೆ ಯಾರೂ ನನ್ನ ಬೋಟ ಮುಟ್ಟಬಾರದು" ಎಂದು ಹಟ ಹಿಡಿದರು. ನೀರಿನ ಮೇಲೆ ಎಂದೂ ಕಾಲಿಡದ ಅಪ್ಪ ಹೂಂ ಎಂದುಬಿಟ್ಟ.

ಹಳೆಯವನ್ನು ತೆಗೆಯಲು ಸೋಫಾ ಕಿತ್ತು, ನೆಲದ ಹಲಗೆ ಕಿತ್ತು, ಮೇಲಿನ ಮಾಡನ್ನೂ ಒಂದು ಕಡೆ ಕೊಯ್ಯಬೇಕಾಯಿತು. ಚೈನ್ ಕಪ್ಪಿ ಹಾಕಿ ಒಂದೊಂದನ್ನೇ ಎತ್ತಿದರು. ಹೊಸ ಎಂಜಿನ್‌ಗಳು ಗಾತ್ರದಲ್ಲಿ ಚಿಕ್ಕವು, ಬಲದಲ್ಲಿ ದೊಡ್ಡವು. ಅವುಗಳನ್ನು ಇಲ್ಲೇ ಅಂಗಡಿಯಲ್ಲಿ ಕಟ್ಟೆಯ ಮೇಲೆ ಕೂಡಿಸಿ, ಒಂದಾದ ಮೇಲೆ ಒಂದನ್ನು ಓಡಿಸಿ ನೋಡಿದೆವು. ಅಪ್ಪ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಯನ್ನು ಎಂಜಿನ್‌ಗೆ ಒತ್ತಿದ. ಹಿಡಿಯನ್ನು ಮೊದಲಿನಂತೆ ಕಿವಿಗೆ ಇಡಲಿಲ್ಲ, ಹಲ್ಲಿನಲ್ಲಿ ಕಚ್ಚಿ ಹಿಡಿದ. ಇದೇನು ಹೊಸ ಪದ್ಧತಿ ಎಂದು ಕೇಳಿದೆ. "ಕಿವಿಗಿಂತ ಹಲ್ಲಿಗೆ ಚಲೋ ಗೊತ್ತಾಗತೈತಿ" ಎಂದ. ಬಸಯ್ಯ ಕಾಕಾ ಬೇರೆ ಕಡೆ ನೋಡುತ್ತ ನಿಂತ. ಎರಡೂ ಎಂಜಿನ್ ಚೆನ್ನಾಗಿಯೇ ಓಡಿದವು. ಮಾಲೆ ಹಾಕಿ, ಕಾಯಿ ಒಡೆದು ಲಾರಿಗೆ ಏರಿಸಿದೆವು.

ಬೋಟಿನಲ್ಲಿ ಅವುಗಳನ್ನು ಕೂಡಿಸುವಾಗ ಅಪ್ಪನ ಕೈ ಒಮ್ಮೆಯೂ ತಪ್ಪಲಿಲ್ಲ. ಹೊಸ ಎಂಜಿನ್‌ಗಳ ಕಾಲುಗಳು ಹಳೆಯ ತೂತುಗಳಿಗೆ ಹೊಂದಲಿಲ್ಲವಾದ್ದರಿಂದ ಕೆಳಗಿನ ಕಬ್ಬಿಣದ ಪಟ್ಟಿಗಳನ್ನು ಹೊಸದಾಗಿ ಮಾಡಿಸಿದ. ಎಂಜಿನ್ ಮತ್ತು ನೀರಿನೊಳಗಿನ ಪಂಖ ತಿರುಗಿಸುವ ಶಾಫ್ಟ್ ಒಂದೇ ಸರಳರೇಖೆಯಲ್ಲಿ ಬರಬೇಕು. ಅದಕ್ಕಾಗಿ ಎರಡು ದಿನ ಹೊಟ್ಟೆಯ ಮೇಲೆ ಮಲಗಿ ಕೆಲಸ ಮಾಡಿದ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ಅವನು ಕೆಲಸ ಮರೆತಿದ್ದಾನೆ ಎಂದು ನೀನು ತಿಳಿಯಬಾರದು.

ಮಂಗಳವಾರ ಬೋಟನ್ನು ನೀರಿಗಿಳಿಸಿ ನೋಡುವ ದಿನ. ಎಂಜಿನ್ ಜೊತೆ ಬಂದ ಇಂಗ್ಲಿಷ್ ಪುಸ್ತಕ ಓದಿ ಹೇಳಲು ನನ್ನನ್ನೂ ಕರೆದೊಯ್ದಿದ್ದ. ಸುಜಯ ಅವರು, ಬೋಟು ನಡೆಸುವ ಕೈತಾನ್ ಎಂಬ ಹಿರಿಯರು, ಅಪ್ಪ, ಬಸಯ್ಯ ಕಾಕಾ ಮತ್ತು ನಾನು. ಕೈತಾನ್ ಕಾರವಾರದ ಕಡೆ ಬಹಳ ವರ್ಷ ಇದ್ದವರಂತೆ, ಕನ್ನಡ ಮರಾಠಿ ಎರಡನ್ನೂ ಕಲಸಿ ಮಾತಾಡುತ್ತಾರೆ. ನದಿ ದಾಟಿ ಸಮುದ್ರಕ್ಕೆ ಬಂದ ಕೂಡಲೇ ಬಸಯ್ಯ ಕಾಕಾ ವಾಂತಿ ಮಾಡಿಕೊಂಡು, "ಇದಕಿಂತ ಚೋರ್ಲಾ ಘಾಟಿನ ತಿರುವ ಎಷ್ಟೋ ಪಾಡ" ಎಂದು ಮೂಲೆ ಹಿಡಿದ.

ಎರಡು ಎಂಜಿನ್ ಇರುವ ಬೋಟಿನಲ್ಲಿ ಎರಡೂ ಒಂದೇ ವೇಗದಲ್ಲಿ ತಿರುಗಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಎರಡರ ಸದ್ದು ಒಮ್ಮೆ ಕೂಡಿ ಒಮ್ಮೆ ಬಿಟ್ಟು, ದೂರದಲ್ಲಿ ಯಾರೋ ಡೊಳ್ಳು ಬಡಿದಂತೆ ಒಂದು ಸದ್ದು ಬರುತ್ತದೆ. ವೇಗ ಹೊಂದುತ್ತ ಬಂದ ಹಾಗೆ ಆ ಡೊಳ್ಳು ನಿಧಾನವಾಗಿ, ಕೊನೆಗೆ ನಿಲ್ಲಬೇಕು. ಹೊಸ ಮೀಟರುಗಳು ಇನ್ನೂ ಬಂದಿರಲಿಲ್ಲ, ಹಳೆಯವನ್ನು ನಂಬುವಂತಿರಲಿಲ್ಲ. "ಮೀಟರ ಯಾಕ ಬೇಕು, ಕಿವಿ ಉಳವಪ್ಪ ಅದಾರ" ಎಂದರು ಸುಜಯ. ಅಪ್ಪ ಎರಡು ಲಿವರ್‌ಗಳ ಮುಂದೆ ನಿಂತು ಒಂದನ್ನು ಸ್ವಲ್ಪ ಸರಿಸಿ, "ಆತು, ಕೂಡಿದವು" ಎಂದ.

ಡೊಳ್ಳು ಬಡಿಯುತ್ತಲೇ ಇತ್ತು. ಸದ್ದಿನ ಬಗ್ಗೆ ಏನೂ ಗೊತ್ತಿಲ್ಲದ ನನಗೂ ಕೇಳುತ್ತಿತ್ತು.

ಕೈತಾನ್ ನಕ್ಕರು. "ಏನ ಆತು ಮಿಸ್ತ್ರಿ? ಅಣ್ಣತಮ್ಮ ಇಬ್ಬರೂ ಇನ್ನೂ ಭಾಂಡಣ, ಜಗಳಾ ಮಾಡಾಕತ್ತಾರ. ಕಿವಿ ಮನ್ಯಾಗ ಬಿಟ್ಟು ಬಂದ್ರೇನು?"

ಸುಜಯ ಅವರೂ ನಕ್ಕರು. ಅಪ್ಪ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರು. ಅಪ್ಪನೂ ನಕ್ಕ. ಆದರೆ ಕೈತಾನ್ ಏನು ಹೇಳಿದರು ಎಂದು ತಿಳಿದು ನಕ್ಕಿದ್ದಲ್ಲ, ಅವರು ನಕ್ಕರೆಂದು ನಕ್ಕಿದ್ದು. ಆ ನಗೆಯನ್ನು ನಾನು ಮನೆಯಲ್ಲಿ ಬಹಳ ಸಲ ನೋಡಿದ್ದೇನೆ. ನೀನೂ ನೋಡಿದ್ದೀ, ಮೈಮೇಲೆ ಖಬರಿಲ್ಲದ ಮನುಷ್ಯ ಎಂದು ಬೈದಿದ್ದೀ. ಅವನು ಮತ್ತೆ ಲಿವರ್ ಮುಟ್ಟಿದ. ಡೊಳ್ಳು ಇನ್ನೂ ಜೋರಾಯಿತು. ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಬಸಯ್ಯ ಕಾಕಾನ ಕಡೆ ತಿರುಗಿದ, ಅವನು ಕಣ್ಣುಮುಚ್ಚಿ ಬಿದ್ದಿದ್ದ. ಆಗ ನನ್ನನ್ನು ನೋಡಿದ.

ಒಳಗಿನ ಮೇಜಿನ ಮೇಲೆ ಚಹದ ಸ್ಟೀಲ್ ಲೋಟಗಳಿದ್ದವು. ಡೊಳ್ಳು ಏರಿದಾಗ ಗುಯ್ ಎಂದು ನಡುಗಿ, ಇಳಿದಾಗ ಸುಮ್ಮನಾಗುತ್ತಿದ್ದವು. ನಾನು ಒಂದು ತುಂಬಿದ ಲೋಟ ತಂದು ಲಿವರ್‌ಗಳ ಪಕ್ಕ, ಅವನ ಕಣ್ಣೆದುರು ಇಟ್ಟು, "ಚಹ ತಗೋ ಅಪ್ಪ" ಎಂದೆ. ಚಹದ ಮೇಲೆ ಸಣ್ಣ ಬಳೆಯಂಥ ಅಲೆಗಳು ಎದ್ದು ಮಾಯವಾಗುತ್ತಿದ್ದವು. ಅಪ್ಪ ಒಮ್ಮೆ ಲೋಟ ನೋಡಿದ, ಒಮ್ಮೆ ನನ್ನನ್ನು. ಆಮೇಲೆ ಲೋಟದಿಂದ ಕಣ್ಣು ತೆಗೆಯದೆ ಲಿವರನ್ನು ಎಷ್ಟು ನಿಧಾನವಾಗಿ ಸರಿಸಿದನೆಂದರೆ ಅದು ಸರಿಯಿತೆಂದೇ ಕಾಣಲಿಲ್ಲ. ಅಲೆಗಳು ಬರುವುದು ತಡವಾಯಿತು. ಮತ್ತೂ ತಡವಾಯಿತು. ಬೋಟು ಅಲುಗಿದಾಗ ಚಹ ಅತ್ತಿತ್ತ ತುಳುಕುತ್ತಿತ್ತೇ ಹೊರತು ಬಳೆಗಳು ಏಳಲಿಲ್ಲ.

"ಹಾಂ, ಈಗ ರಾಜಿ ಆದ್ರು" ಎಂದರು ಕೈತಾನ್. ಸುಜಯ ಅವರು ಚಪ್ಪಾಳೆ ತಟ್ಟಿದರು. ಅಪ್ಪ ಲಿವರ್ ಇದ್ದಲ್ಲಿ ಗುರುತು ಹಾಕಿ ಚಹ ಕುಡಿದ. ಅದು ತಣ್ಣಗಾಗಿತ್ತು.

ವಾಪಸು ಬರುವಾಗ ಟೆಂಪೋ ಜಾಂಬೋಟಿಯಲ್ಲಿ ನಿಂತಿತು. ಬಸಯ್ಯ ಕಾಕಾ ಲಿಂಬು ಸೋಡಾ ಕುಡಿಯಲು ಹೋದ. ಅಪ್ಪ ಕೆಳಗಿಳಿದು, ಖಾನಾಪುರದ ಕಡೆ ಹೋಗುವ ರಸ್ತೆಯನ್ನು ನೋಡುತ್ತ ನಿಂತಿದ್ದ. ಬಲಗಡೆಯಿಂದ ಹೋಗಿ, ಅವ್ವ ಕರೆದದ್ದು ನಿನಗೆ ಕೇಳಿಸಿತ್ತೇ ಎಂದು ಕೇಳಿದೆ. ಅವನು ರಸ್ತೆ ನೋಡುತ್ತಲೇ ಇದ್ದ. ಎಡಗಡೆಗೆ ಬಂದು, ಮುಖ ಕಾಣುವ ಹಾಗೆ ನಿಂತು ಮತ್ತೆ ಕೇಳಿದೆ.

ಶ್ರಾವಣದಲ್ಲಿ ನೀನು ಬಚ್ಚಲಲ್ಲಿ ಜಾರಿ ಬಿದ್ದು, ಮಣಿಕಟ್ಟು ಮುರಿದುಕೊಂಡು ಕೂಗಿದ ದಿನದ ಮಾತು. ಅವನು ಪಡಸಾಲೆಯಲ್ಲಿ ಕುಳಿತು ಪೇಪರ್ ಓದುತ್ತಿದ್ದ. ನೀನು ಗೋಡೆ ಹಿಡಿದು ಎದ್ದು ಬಂದು ಕೇಳಿದಾಗ, "ಕೇಳಿಸಿತ್ತು, ಬರೂಣಂತ ಕುಂತಿದ್ದೆ" ಎಂದನಂತೆ. ಆ ಒಂದು ಮಾತಿಗೇ ನೀನು ಮನೆ ಬಿಟ್ಟೆ. ಯಾರಾದರೂ ಬಿಡುತ್ತಿದ್ದರು.

ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: "ಕೇಳಿಸಿರಲಿಲ್ಲ. ಬಲಗಿವಿ ಹೋಗಿ ಮೂರು ವರ್ಷ ಆತು. ಎಡಗಿವಿನೂ ಈಗ ಅಷ್ಟಕ್ಕಷ್ಟ. ಆಕಿ ಕೈ ನೋಡಿದ ಕೂಡ್ಲೇ ನಾ ಏನ ಕಳಕೊಂಡೆ ಅಂತ ಗೊತ್ತಾತು. ಆದ್ರ ಬಾಯಿಗೆ ಸುಳ್ಳ ಬಂತು. ಕೆಟ್ಟ ಗಂಡ ಅನಿಸಿಕೊಂಡ್ರ ಮಾತು ಮನ್ಯಾಗ ಉಳೀತೈತಿ. ಕಿವುಡ ಮಿಸ್ತ್ರಿ ಅಂದ್ರ ಉದ್ಯಮಬಾಗದ ಕಾರಖಾನಿ ತನಕಾ ಹೋಗತೈತಿ. ಕಿವುಡನ ಕೈಯಾಗ ಯಾರ ಎಂಜಿನ ಕೊಡ್ತಾರ?"

ಹಾಗಾದರೆ ಅವ್ವ ಫೋನ್ ಮಾಡಿದಾಗಲಾದರೂ ಎತ್ತಿ ಹೇಳಬಹುದಿತ್ತಲ್ಲ ಎಂದೆ.

"ಎತ್ತಿ ಏನ ಮಾಡ್ಲಿ? ಆಕಿ ಬೈಯಾಕತ್ತಾಳೋ ಅಳಾಕತ್ತಾಳೋ ತಿಳಿಯೂದಿಲ್ಲ. ಎಲ್ಲಾದಕ್ಕೂ ಹೂಂ ಅಂದ್ರ ಅದೂ ತಪ್ಪ ಆಕ್ಕೈತಿ."

ಬಸಯ್ಯ ಕಾಕಾನಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಅಂಗಡಿಯಲ್ಲಿ ಅವನು ಯಾವಾಗಲೂ ಅಪ್ಪನ ಎಡಕ್ಕೇ ನಿಲ್ಲುವುದು ಯಾಕೆಂದು ನನಗೆ ಈಗ ತಿಳಿಯಿತು. ಸೋಡಾ ಮುಗಿಸಿ ಬಂದವನು ನಮ್ಮಿಬ್ಬರ ಮುಖ ನೋಡಿ, "ಅಂತೂ ಬಾಯಿ ಬಿಟ್ಟೆಪಾ. ನಾ ಬಿಡಸಾಕ ಹೋಗಿ ನನ್ನ ಹಲ್ಲ ಉದುರಿದ್ವು" ಎಂದ. ಅಪ್ಪನಿಗೆ ಇದು ಕೇಳಿಸಿತು. ಟೆಂಪೋ ಹತ್ತುವಾಗ ನನಗೆ, "ನಿಮ್ಮವ್ವಗ ಹೇಳಬ್ಯಾಡ. ಕನಿಕರಕ್ಕ ಬರೂದ ಬ್ಯಾಡ ಆಕಿ" ಎಂದ. ನಾನು ಅವನ ಹಿಂದೆ ಹತ್ತಿ ಬಾಗಿಲು ಹಾಕಿಕೊಂಡೆ. ಅವನು ನಾನು ಒಪ್ಪಿದೆ ಎಂದುಕೊಂಡಿದ್ದಾನೆ.

ಅವ್ವಾ, ಅವನು ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಕೇಳದಿರುವುದು ಅವನ ತಪ್ಪಲ್ಲ. ಕೇಳಿಸಿತ್ತು ಎಂದದ್ದು ತಪ್ಪು. ನಿನ್ನ ಕೈಗಿಂತ ತನ್ನ ಹೆಸರು ದೊಡ್ಡದು ಎಂದುಕೊಂಡ. ಅದರ ಬಗ್ಗೆ ನನಗೂ ಸಿಟ್ಟಿದೆ, ನಿನ್ನೆ ಅವನ ರೊಟ್ಟಿಗೆ ಬೆಣ್ಣೆ ಹಾಕಲಿಲ್ಲ. ಆದರೆ ನೀನು ಬಿದ್ದು ಕೂಗಿದಾಗ ನಿನ್ನ ಗಂಡ ಕೇಳಿಯೂ ಕುಳಿತಿದ್ದ ಎಂಬ ಮಾತನ್ನು ಮೂರು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡು ಕುಳಿತಿದ್ದೀಯಲ್ಲ, ಅಂಥದ್ದು ನಡೆದೇ ಇಲ್ಲ. ಹಿರಿಯರ ಮುಂದೆ ಏನು ಹೇಳುವುದಿದ್ದರೂ ಅದನ್ನು ಬಿಟ್ಟು ಹೇಳು.

ಶನಿವಾರ ಕಿವಿ ಡಾಕ್ಟರ ಹತ್ತಿರ ಬರಲು ಒಪ್ಪಿದ್ದಾನೆ. ಖಾಸಬಾಗದಲ್ಲಿ ಬೇಡವಂತೆ, ಗುರುತಿನವರು ಸಿಗುತ್ತಾರಂತೆ. ರಾಮತೀರ್ಥ ನಗರಕ್ಕೆ ಹೋಗುತ್ತೇವೆ. ಈ ಪತ್ರ ಓದಿ ನೀನು ಫೋನ್ ಮಾಡುವುದಾದರೆ ನನಗೆ ಮಾಡು, ಸ್ಪೀಕರ್ ಬೇಡ. ಅವನ ಜೊತೆ ಮಾತಾಡಬೇಕು ಅನಿಸಿದರೆ ಎದುರಿಗೆ ಬಂದೇ ಆಡಬೇಕಾಗುತ್ತದೆ. ಊಟಕ್ಕೆ ಕೂಡುವಾಗ ನೀನು ಯಾವಾಗಲೂ ಅವನ ಬಲಕ್ಕೆ ಕೂಡುತ್ತಿದ್ದೆ, ನೆನಪಿದೆಯೇ?

ಕಾಂತಾ ಅತ್ತೆಗೆ ಕೇಳಿದೆನೆಂದು ಹೇಳು. ಬಸಯ್ಯ ಕಾಕಾನ ಕೈಯಲ್ಲಿ ಒಂದು ಡಬ್ಬಿ ಕಳಿಸಿದ್ದೇನೆ, ಖಾಲಿ ಮಾಡಿ ವಾಪಸು ಕೊಡು; ಅದರಲ್ಲಿ ನಾನು ಕುಟ್ಟಿದ ಶೇಂಗಾ ಚಟ್ನಿ ಹಿಂಡಿ ಇದೆ. ನಿನ್ನದರಷ್ಟು ಚೆನ್ನಾಗಿಲ್ಲ.

ನಿನ್ನ ಮಗಳು,
ಸೃಷ್ಟಿ

ತಾ.ಕ.: ಪತ್ರ ಮಡಚಿಟ್ಟು ಬಚ್ಚಲಿಗೆ ಹೋಗಿದ್ದೆ. ಚೊಂಬು ಉರುಳಿತು, ತೆಗೆಯಲು ಬಗ್ಗಿದಾಗ ನೆಲದಿಂದ ಒಂದು ಗೇಣು ಮೇಲೆ, ನೀನು ಬಿದ್ದ ಜಾಗದ ಪಕ್ಕದ ಗೋಡೆಗೆ ಲಾರಿಯ ಹಾರ್ನ್ ಬಟನ್ ಜಡಿದದ್ದು ಕಂಡಿತು. ಇಷ್ಟು ದಿನ ಬಕೆಟ್ ಅಡ್ಡ ಇತ್ತು. ಇಷ್ಟು ಕೆಳಗೆ ಇದೇನು ಎಂದು ಒತ್ತಿ ನೋಡಿದೆ. ಯಾವ ಸದ್ದೂ ಆಗಲಿಲ್ಲ, ಬಟನ್ ಒತ್ತಿದ ಹಾಗೇ ಒಳಗೆ ಉಳಿಯಿತು. ಆದರೆ ಪಡಸಾಲೆಯಲ್ಲಿ ಕುರ್ಚಿ ಬಿದ್ದ ಸದ್ದು ಕೇಳಿತು. ಬಾಗಿಲು ತೆಗೆದರೆ ಅಪ್ಪ ಎದುರಿಗಿದ್ದ, ಕೈಯಲ್ಲಿ ಪೇಪರ್ ಹಾಗೇ ಇತ್ತು. ಅವನ ಹಿಂದೆ ಗೋಡೆಯ ಮೇಲೆ ಕೆಂಪು ದೀಪ ಉರಿದು ಆರುತ್ತಿತ್ತು. ನನ್ನನ್ನು ನೋಡಿದ ಮೇಲೆ ಇನ್ವರ್ಟರ್ ಚೆಕ್ ಮಾಡಲು ಬಂದೆ ಎಂದ. ಆದರೆ ಬಾಗಿಲ ಆಚೆಯಿಂದ ಅವನು ನಿನ್ನ ಹೆಸರು ಹಿಡಿದು ಕೂಗಿದ್ದು ನನಗೆ ಕೇಳಿಸಿತ್ತು: "ನಿಂಗವ್ವಾ, ಬಂದೆ, ಬಂದೆ."