ಗಾಜಿಗೆ ಹಚ್ಚಿದ ವಿಭೂತಿ

ಕೆರೆಬಿಳಚಿ
೧೨ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಮಗಳು ಲತಾಳಿಗೆ,

ಹೇಗಿದ್ದೀಯಮ್ಮಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ ಇಲ್ಲವೋ? ಶೇಂಗಾ ಚಟ್ನಿಪುಡಿ ಮುಗಿದಿದ್ದರೆ ಹೇಳು, ಕಳಿಸುತ್ತೇವೆ. ನಾವಿಲ್ಲಿ ಆರಾಮಾಗಿದ್ದೇವೆ. ನಿಮ್ಮಮ್ಮನ ಮಂಡಿನೋವು ಮಾತ್ರ ಹಾಗೇ ಇದೆ. ಹೊನ್ನಾಳಿ ಡಾಕ್ಟರು ಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳದೆ ದೇವರ ಗೂಡಿನ ಪಕ್ಕ ಜೋಪಾನವಾಗಿ ಇಟ್ಟಿದ್ದಾಳೆ, ನೋಡಿದರೇ ನೋವು ಹೋಗುತ್ತದೆಯೋ ಏನೋ! ನಮ್ಮ ಲಾರಿ ಸಂತೇಬೆನ್ನೂರಿನ ಮೆಕ್ಕೆಜೋಳ ಹೊತ್ತು ಓಡಾಡುತ್ತಿದೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಬೇಕಾದದ್ದು ಬಿಟ್ಟು ಮಳೆ ಬೆಳೆ ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ಆಯುಧಪೂಜೆಯ ದಿನ ಮನೆಯವರೂ ಮಿಲಿಟರಿ ಗಾಡಿ ಮಾಡುವ ನಿಮ್ಮ ಕಾರ್ಖಾನೆಗೆ ಬರಬಹುದು ಎಂದು ನೀನು ಕರೆಸಿಕೊಂಡಾಗ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾಲಾಳು ಸೈನಿಕರನ್ನು ಗುಂಡು ತಾಗದಂತೆ ಕೂರಿಸಿಕೊಂಡು ಹೋಗುವ ಆ ಉಕ್ಕಿನ ಗಾಡಿಯ ಮುಂದೆ ನಮ್ಮ ಲಾರಿ ಆಟಿಕೆ ಎನಿಸಿತು. ಎಂಟು ಚಕ್ರ, ಒಂದೊಂದೂ ನನ್ನ ಎದೆಯೆತ್ತರ. ಗಾಳಿ ಹೋದರೂ ಚಕ್ರ ಓಡುತ್ತದೆ, ಅಡಿಭಾಗ ದೋಣಿಯಂತಿರುವುದರಿಂದ ನೆಲಬಾಂಬು ಸಿಡಿದರೆ ಹೊಡೆತ ಅತ್ತಿತ್ತ ಚದುರುತ್ತದೆ ಎಂದು ನೀನು ತೋರಿಸಿದೆ. ಕೊನೆಗೆ ನಿನ್ನದೇ ಕೆಲಸವಾದ ಸೀಟುಗಳನ್ನು ತೋರಿಸಿದೆ. ನೆಲದ ಹೊಡೆತ ಬೆನ್ನಿಗೆ ತಾಗದಿರಲೆಂದು ನೆಲಕ್ಕೆ ಬಿಗಿಯದೆ ಚಾವಣಿಯಿಂದ ತೂಗುಹಾಕಿದ ಸೀಟು. "ಹಳೇ ಗಾಡಿಯೊಳಗೆ ಕುಂತೋರು ಜೀವ ಉಳಿದ್ರೂ ಬೆನ್ನುಮೂಳೆ ಮುರಿದು ಎದ್ದು ನಡಿಯಾಕೆ ಆಗ್ತಿರಲಿಲ್ಲ ಅಪ್ಪಾಜಿ" ಎಂದೆ. ಅಡುಗೆಮನೆಯಲ್ಲಿ ತೂಗುವ ನೆಲುವಿನ ಮೇಲೆ ಹಾಲಿನ ಗಡಿಗೆ ಇಟ್ಟ ಹಾಗೆ ಎಂದು ನಾನು ಹೇಳಿದ್ದಕ್ಕೆ ನೀನು ಎಷ್ಟು ನಕ್ಕೆ! ಹಿಮದ ಗುಡ್ಡಗಳಲ್ಲಿ ಅದರ ಪರೀಕ್ಷೆ ಇದೆ, ನೀನೂ ಜೊತೆಗೆ ಹೋಗುತ್ತೀಯ ಎಂದೂ ಹೇಳಿದೆ.

ಆಮೇಲೆ ಪೂಜೆ. ನಾನೇ ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟೆ, ಹಾರ ಹಾಕಿದೆ. ವಿಭೂತಿ ತಟ್ಟೆ ಹಿಡಿದು ಮುಂದೆ ಹೋದಾಗ ನೀನು ಕಿವಿಯ ಹತ್ತಿರ ಬಂದು ಹೇಳಿದ್ದು ಈಗಲೂ ಕೇಳಿಸುತ್ತದೆ. "ಉಕ್ಕಿಗೆ ಎಷ್ಟ್ ಬೇಕಾದ್ರೂ ಹಚ್ರಿ. ಆ ಸಣ್ಣ ಕ್ಯಾಮೆರಾ ಗಾಜಿಗೆ ಮಾತ್ರ ಬ್ಯಾಡ್ರಿ, ಬಾಗಿಲು ಮುಚ್ಚಿದ್ರೆ ಒಳಗಿರೋ ಡ್ರೈವರಿಗೆ ಅದೇ ಕಣ್ಣು." ನಾನು ತಲೆಯಾಡಿಸಿದೆ. ನೀನು ಅತಿಥಿಗಳ ಕಡೆ ತಿರುಗಿದ್ದೇ ತಡ, ಕ್ಯಾಮೆರಾದ ಗಾಜಿಗೆ ಒದ್ದೆ ವಿಭೂತಿಯನ್ನು ಮೂರು ಬೆರಳಿನಲ್ಲಿ ಎಳೆದೇ ಬಿಟ್ಟೆ. ನಮ್ಮ ಲಾರಿಯ ದೀಪಕ್ಕೆ, ಗಾಜಿಗೆ ಪ್ರತಿ ವರ್ಷ ಹಚ್ಚುವವನು ನಾನು. ಹುಡುಗರನ್ನು ಹೊತ್ತು ಯುದ್ಧಕ್ಕೆ ಹೋಗುವ ಗಾಡಿಯ ಹಣೆ ಬರಿದಾಗಿರಬಾರದು ಎನಿಸಿತು. ಇವಳಿಗೇನು ಗೊತ್ತು ಎಂಬ ಸೊಕ್ಕೂ ಇತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಮುಂದಿನದು ನಿನಗೆ ಗೊತ್ತೇ ಇದೆ. ಮಿಲಿಟರಿ ಸಾಹೇಬರು ನೋಡಲೆಂದು ಬಾಗಿಲೆಲ್ಲ ಮುಚ್ಚಿ ಗಾಡಿಯನ್ನು ಅಂಗಳದಲ್ಲಿ ಒಂದು ಸುತ್ತು ಹೊಡೆಸಿದರು. ಅಷ್ಟರಲ್ಲಿ ವಿಭೂತಿ ಒಣಗಿ ಸುಣ್ಣದಂತೆ ಬೆಳ್ಳಗಾಗಿತ್ತು. ಒಳಗಿನ ಡ್ರೈವರಿಗೆ ಏನೂ ಕಾಣದೆ ಗಾಡಿ ಹೋಗಿ ಕಾಂಪೌಂಡ್ ಗೋಡೆಯನ್ನೇ ಕೆಡವಿತು. ಯಾರಿಗೂ ಏನೂ ಆಗಲಿಲ್ಲ, ಶಿವನ ದಯೆ. ನಿಮ್ಮ ದೊಡ್ಡ ಸಾಹೇಬರು ಗಾಜು ಮುಟ್ಟಿ ನೋಡಿ, ಇದನ್ನು ಹಚ್ಚಿದವರು ಯಾರು ಎಂದು ಹಿಂದಿಯಲ್ಲಿ ಕೂಗಿದರು. ನೀನು ನನ್ನ ಬೆರಳು ನೋಡಿದೆ. ನಾನು ಆ ಕೈಯನ್ನು ಶಲ್ಯದೊಳಗೆ ಎಳೆದುಕೊಂಡೆ. ನೀನು "ನಾನೇ ಸರ್" ಎಂದುಬಿಟ್ಟೆ. ಹೆಣ್ಣುಮಕ್ಕಳ ಕೈಗೆ ಗಾಡಿ ಕೊಟ್ಟರೆ ಪೂಜೆಯೇ ಜಾಸ್ತಿಯಾಗುತ್ತದೆ ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಮಹಾರಾಷ್ಟ್ರದವರೆಗೆ ಲಾರಿ ಹೊಡೆದ ನನಗೆ ಅಷ್ಟು ಹಿಂದಿ ತಿಳಿಯುತ್ತದೆ. ತಿಳಿದೂ ಪ್ರಸಾದದ ತಟ್ಟೆ ಹಿಡಿದು ಕಂಬದಂತೆ ನಿಂತಿದ್ದೆ.

ಅಷ್ಟಕ್ಕೇ ಮುಗಿಯಲಿಲ್ಲ. ವಾಪಸು ಬರುವಾಗ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಹಳೇ ಕ್ಲೀನರ್ ಗೋಣೆಪ್ಪ ಸಿಕ್ಕಿ, "ಮಗಳ ಗಾಡಿ ಹೆಂಗೈತ್ರಿ ಗೌಡ್ರೇ?" ಎಂದು ಕೇಳಿದ. "ನನ್ನ ಪೂಜೆ ಆದ ಮ್ಯಾಲೇ ಕಣೋ ಅದು ಹೊರಟಿದ್ದು" ಎಂದು ಕೊಚ್ಚಿಕೊಂಡೆ. ನಿನ್ನನ್ನು ಬಿಟ್ಟು ಬೇರೆಯವರನ್ನು ಹಿಮದ ಪರೀಕ್ಷೆಗೆ ಕಳಿಸುತ್ತಾರೆ ಎಂದು ಮೊನ್ನೆ ನಿಮ್ಮಮ್ಮನ ಹತ್ತಿರ ಹೇಳಿದೆಯಂತೆ. ಕಾರಣ ಹೇಳಲಿಲ್ಲವಂತೆ. ನಾಲ್ಕು ವರ್ಷ ದುಡಿದದ್ದು ನೀನು, ಅದನ್ನು ಹಾಳು ಮಾಡಿದ್ದು ನಾನು. ನಿಮ್ಮಮ್ಮನಿಗೆ ಎಲ್ಲ ಹೇಳಿದ್ದೇನೆ. ಅವಳು ಬೈಯಲೂ ಇಲ್ಲ, ಊಟಕ್ಕೆ ಬಡಿಸಿದಳು. ನಾಚಿಕೆಯಾಗುತ್ತಿದೆ ಲತಾ. ಮಗಳ ಹಿಂದೆ ಅವಿತುಕೊಂಡ ಅಪ್ಪ ನಾನು.

ಚಳಿ ಬರುತ್ತಿದೆ, ಸ್ವೆಟರ್ ಹಾಕಿಕೋ. ನಿನ್ನ ಸೀಟಿನಲ್ಲಿ ಕೂತು ಹೋದ ಮಕ್ಕಳೆಲ್ಲ ತಮ್ಮ ಕಾಲ ಮೇಲೆ ನಡೆದು ಮನೆಗೆ ಬರಲಿ, ಆ ಪುಣ್ಯ ನಿನಗಿರಲಿ.

ನಿನ್ನ ಅಪ್ಪಾಜಿ,
ಮುರುಗೇಶಪ್ಪ

ವಿ.ಸೂ.: ನಿಮ್ಮ ದೊಡ್ಡ ಸಾಹೇಬರಿಗೂ ಇವತ್ತೇ ಒಂದು ಕಾಗದ ಹಾಕುತ್ತಿದ್ದೇನೆ. ಹಚ್ಚಿದ್ದು ನಾನು, ಮಗಳು ಬೇಡವೆಂದಿದ್ದಳು ಎಂದು ಬರೆದಿದ್ದೇನೆ. ನನಗೆ ಹಿಂದಿ ಬರೆಯಲು ಬಾರದು, ಅವರಿಗೆ ಕನ್ನಡ ಬಾರದು. ಅಲ್ಲಿ ಕನ್ನಡ ಓದುವವಳು ನೀನೊಬ್ಬಳೇ ಅಲ್ಲವೇ, ನಿನ್ನನ್ನೇ ಕರೆದು ಓದಿಸುತ್ತಾರೆ. ಇದ್ದದ್ದು ಇದ್ದ ಹಾಗೆ ಓದಿ ಹೇಳು ತಾಯಿ. ಅಪ್ಪನ ಮಾನ ಉಳಿಸಲೆಂದು ಒಂದು ಸಾಲನ್ನೂ ನುಂಗಬೇಡ.